ಗುಡ್ಡದ ನೆತ್ತಿಯ ತಗ್ಗು

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಪೆನ್ಸಿಲ್ ಇರುತ್ತಿದ್ದವು ಎಂದು ಬರೆದು, ಅನುಮಾನ ಬಂದು, ಆ ವರ್ಷದ ದಿನಚರಿ ತೆಗೆದು ನೋಡಿದೆ. ನಾಲ್ಕು ಎಂದಿದೆ. ಮೂರು ಎಂಬುದು ನನ್ನ ತಲೆಗೆ ಎಲ್ಲಿಂದ ಬಂತೋ ತಿಳಿಯದು. ಮುಂದೆ ಬರೆಯುವುದರಲ್ಲೂ ಇಂಥ ತಪ್ಪುಗಳು ಇರಬಹುದು. ಅವರ ಮಾತುಗಳಲ್ಲಿ ಕೆಲವನ್ನು ಅದೇ ಸಂಜೆ ಬರೆದಿಟ್ಟುಕೊಂಡಿದ್ದೆ. ಉಳಿದವನ್ನು ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆಂದರೆ, ಈಗ ಅವು ಅವರವೋ ನನ್ನವೋ ಎಂದು ಬೇರ್ಪಡಿಸಲಾರೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಆಧಾರವಿಲ್ಲದೆ ಏನನ್ನೂ ಬರೆಯಬೇಡಿ ಎಂದು ಹುಡುಗರಿಗೆ ವರ್ಷವೂ ಹೇಳುತ್ತೇನೆ. ಹೇಳುವುದು ಸುಲಭ.

ಉಳಿದ ತಪ್ಪುಗಳನ್ನು ಅವರು ಕ್ಷಮಿಸಿಯಾರು. ಪೆನ್ಸಿಲ್ಲಿನ ಸಂಖ್ಯೆ ತಪ್ಪಿದ್ದನ್ನು ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ.

ನಾವಿಬ್ಬರೂ ಸಹಪಾಠಿಗಳು. ಹೊಸಪೇಟೆಯ ಒಂದು ಶಾಲೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದ ಚಿತ್ರಕಲೆಯ ತರಗತಿ ಅದು. ಬರುತ್ತಿದ್ದವರಲ್ಲಿ ಹತ್ತನೆಯ ಕ್ಲಾಸು ಮುಗಿಸಿದ ಹುಡುಗ ಹುಡುಗಿಯರೇ ಹೆಚ್ಚು. ಮೂವತ್ತೈದು ದಾಟಿದ ನಾನು ಎಲ್ಲರಿಗಿಂತ ಹಿರಿಯಳೆಂಬ ಸಂಕೋಚದಲ್ಲಿ ಕೊನೆಯ ಬೆಂಚು ಹಿಡಿದು ಕುಳಿತಿದ್ದೆ. ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿಯ ಅರ್ಧತೋಳಿನ ಅಂಗಿ ತೊಟ್ಟ, ಅರವತ್ತರ ಆಸುಪಾಸಿನ ಒಬ್ಬರು ಬಾಗಿಲಲ್ಲಿ ಕಾಣಿಸಿದರು. ಹುಡುಗರೆಲ್ಲ ಎದ್ದು ನಿಂತು ನಮಸ್ಕಾರ ಸರ್ ಎಂದರು. ಅವರು ಗಾಬರಿಯಾಗಿ, ಯಾವ ಸರ್ ಬಂದರೋ ಎಂದು ಹಿಂದೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಬಂದು ನನ್ನ ಬೆಂಚಿನ ತುದಿಯಲ್ಲಿ ಕುಳಿತರು. ನನ್ನ ಸಂಕೋಚ ಅರ್ಧ ಇಳಿಯಿತು.

ಸಂಡೂರಿನ ಒಂದು ಗಣಿ ಕಂಪನಿಯಲ್ಲಿ ಅವರು ಮೂವತ್ತು ವರ್ಷಕ್ಕೂ ಮೇಲೆ ನಕ್ಷೆ ಬರೆಯುವ ಕೆಲಸ ಮಾಡಿದ್ದರು. ಅದಿರಿನ ಗುಡ್ಡವನ್ನು ಮೇಲಿನಿಂದ ನೋಡಿದರೆ ಹೇಗಿದೆ, ನಡುವೆ ಕೊಯ್ದು ನೋಡಿದರೆ ಹೇಗಿದೆ ಎಂದು ಅಳತೆಯ ಪ್ರಕಾರ ಗೆರೆ ಎಳೆದು ತೋರಿಸುವುದು. ಗುಡ್ಡ ಕರಗಿದ ಹಾಗೆಲ್ಲ ಹೊಸ ನಕ್ಷೆ. ನಿವೃತ್ತರಾದ ಮೇಲೆ ಪ್ರತಿ ಭಾನುವಾರ ಸಂಡೂರಿನಿಂದ ಬಸ್ಸಿನಲ್ಲಿ ಬಂದು ಚಿತ್ರ ಕಲಿಯುವ ಹಟ ಯಾಕೆಂದು ಕೇಳಿದರೆ, ಗೆರೆ ಎಳೆಯುವುದು ಗೊತ್ತಿದೆ, ಚಿತ್ರ ಬರೆಯುವುದು ಗೊತ್ತಿಲ್ಲ ಎನ್ನುತ್ತಿದ್ದರು. ಎರಡೂ ಒಂದೇ ಅಲ್ಲವೇ ಎಂದು ನಾನು ಆಗ ಅಂದುಕೊಂಡಿದ್ದೆ.

ಮೊದಲ ದಿನವೇ ವ್ಯತ್ಯಾಸ ತಿಳಿಯಿತು. ನಮ್ಮ ಟೀಚರ್ ಕಂಪ್ಲಿಯಿಂದ ಬರುತ್ತಿದ್ದ ಇಪ್ಪತ್ತಾರರ ಹುಡುಗಿ. ಮೇಜಿನ ಮೇಲೆ ಒಂದು ಬದನೆಕಾಯಿ ಇಟ್ಟು ಬರೆಯಿರಿ ಎಂದರು. ನಾವು ಕಣ್ಣು ಕಿರಿದು ಮಾಡಿ, ಪೆನ್ಸಿಲ್ ಮುಂದೆ ಚಾಚಿ ಕಲಾವಿದರ ಅಭಿನಯ ಶುರುಮಾಡಿದೆವು. ನನ್ನ ಬೆಂಚಿನಲ್ಲಿದ್ದ ಅವರು ಮಾತ್ರ ಎದ್ದು ಹೋಗಿ ಬ್ಯಾಗಿನಿಂದ ಸ್ಕೇಲ್ ತೆಗೆದು ಬದನೆಕಾಯಿಯನ್ನು ಅಳೆದರು. ಉದ್ದ, ಅಗಲ, ತೊಟ್ಟಿನ ಬಾಗು. ಒಂದು ತಾಸಿನ ನಂತರ ಅವರ ಹಾಳೆಯಲ್ಲಿ ಮೂರು ಬದನೆಕಾಯಿಗಳಿದ್ದವು: ಮೇಲಿನಿಂದ ಕಂಡದ್ದು, ಮುಂದಿನಿಂದ ಕಂಡದ್ದು, ಪಕ್ಕದಿಂದ ಕಂಡದ್ದು. ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕ. ಅದರಲ್ಲಿ ಸಾಲಾಗಿ, ಬರೆದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು. ಮೊದಲನೆಯದರ ಎದುರು ತಮ್ಮ ಸಹಿ ಮಾಡಿ, ಉಳಿದ ಎರಡಕ್ಕೂ ಸಹಿ ಬೇಕೆಂದು ಹಾಳೆಯನ್ನು ಟೀಚರ್ ಮುಂದೆ ಹಿಡಿದರು. ಆ ಹುಡುಗಿ ಏನು ಮಾಡಬೇಕೆಂದು ತೋಚದೆ ಎರಡೂ ಕಡೆ ಸಹಿ ಹಾಕಿದಳು. ಬದನೆಕಾಯಿಗೆ ಒಪ್ಪಿಗೆ ಸಿಕ್ಕಿತು.

ಮುಂದಿನ ವಾರಕ್ಕೆ ಹುಡುಗರು ಅವರಿಗೆ ಸ್ಕೇಲ್ ಮಾಮ ಎಂದು ಹೆಸರಿಟ್ಟಾಗಿತ್ತು. ಬೆನ್ನ ಹಿಂದಿನ ಹೆಸರು. ಆದರೂ ಅವರ ಕಿವಿಗೆ ಬಿತ್ತು. ಸಿಟ್ಟಾಗಲಿಲ್ಲ. ಹೆಸರಿಟ್ಟ ಹುಡುಗನನ್ನು ಕರೆದು, “ಸ್ಕೇಲ್ ಅಂದ್ರ ಯಾವ ಸ್ಕೇಲೋ? ಒಂದಕ್ಕ ನೂರೋ, ಒಂದಕ್ಕ ಸಾವಿರಾನೋ? ಹೆಸರಿಟ್ರ ಪೂರಾ ಇಡಬೇಕಪ್ಪ,” ಎಂದು ಗಂಭೀರವಾಗಿ ಕೇಳಿದರು. ಅಂದಿನಿಂದ ಹುಡುಗರು ಎದುರಿಗೇ ಮಾಮ ಎಂದು ಕರೆಯತೊಡಗಿದರು.

ಅವರೊಂದಿಗೆ ಮಂಡಕ್ಕಿ ಮಿರ್ಚಿ ತಿನ್ನುವುದೂ ಒಂದು ಪಾಠವೇ. ಮಿರ್ಚಿಯನ್ನು ಸರಿಯಾಗಿ ನಡುವೆ ಮುರಿದು, ಎರಡು ತುಂಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಉದ್ದನೆಯ ತುಂಡನ್ನು ನನಗೆ ಕೊಡುತ್ತಿದ್ದರು. ಇದು ಪ್ರೀತಿಯೋ ಅಳತೆಯ ಮೇಲಿನ ನಿಷ್ಠೆಯೋ ಗೊತ್ತಾಗುತ್ತಿರಲಿಲ್ಲ.

ಒಂದು ಸಲ ಟೀಚರ್ ನಮ್ಮನ್ನೆಲ್ಲ ಹಂಪಿಗೆ ಕರೆದುಕೊಂಡು ಹೋದರು. ಬಾಳೆತೋಟದ ಬದುವಿನಲ್ಲಿ ಕುಳಿತು ಎದುರಿನ ಬಂಡೆಗಳನ್ನು ಬರೆಯಬೇಕು. ನಾವು ಹಾಳೆ ತುಂಬ ಬಂಡೆ ಪೇರಿಸಿದೆವು. ನನ್ನವು ಬೇಯಿಸಿದ ಆಲೂಗಡ್ಡೆಯಂತೆ ಬಂದವು. ಅವರು ಮಾತ್ರ ಖಾಲಿ ಹಾಳೆ ಹಿಡಿದು ಬಂಡೆಗಳ ಕಡೆ ನೋಡುತ್ತಲೇ ಇದ್ದರು. ಟೀಚರ್ ಹತ್ತಿರ ಬಂದಾಗ ಕೇಳಿದರು:

“ಸೊನ್ನೆ ಎಲ್ಲಿಂದ ಹಿಡೀಲಿ ಮೇಡಂ?”

ಎತ್ತರ ಅಳೆಯುವವರಿಗೆ ಎಲ್ಲಿಂದಲಾದರೂ ಶುರುಮಾಡಬೇಕಲ್ಲ, ಅದಕ್ಕೆ ಅವರು ಸೊನ್ನೆ ಎನ್ನುತ್ತಾರೆ. ಟೀಚರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅಂದರು, “ನಿಮ್ಮ ಕಣ್ಣಿಂದ ಹಿಡೀರಿ ಸರ್.”

“ಕಣ್ಣಿಂದ ಹಿಡದ್ರ ಒಬ್ಬೊಬ್ಬರಿಗೆ ಒಂದೊಂದು ಸೊನ್ನಿ ಆಗತೈತಲ್ರೀ.”

“ಹೌದು ಸರ್. ಆಗತೈತಿ.”

“ಮತ್ತ ಯಾರದು ಖರೇ ಅಂತ ಹಿಡಿಯೋದು?”

ಅವರಿಗೆ ಇದು ಹುಡುಗಾಟದ ಮಾತಾಗಿರಲಿಲ್ಲ. ಆ ದಿನ ಒಂದು ಗೆರೆಯನ್ನೂ ಎಳೆಯಲಿಲ್ಲ. ಆಟೋದಲ್ಲಿ ಕಮಲಾಪುರಕ್ಕೆ ಬಂದೆವು. ಬಸ್ಸು ಹತ್ತುವಾಗ ನನ್ನ ಕೈಗೆ ತಮ್ಮ ಸ್ಕೇಲ್ ಕೊಟ್ಟು, “ನಿನ್ನ ಹಂತ್ಯಾಕ ಇರಲಿ ತಂಗೀ. ನಾ ಕೇಳಿದ್ರೂ ಕೊಡಬ್ಯಾಡ,” ಎಂದರು. ಮರುವಾರವೇ ಕೇಳಿದರು. ನಾನು ಕೊಡಲಿಲ್ಲ. ಹಾಳೆಯ ಅಂಚನ್ನೇ ಸ್ಕೇಲ್ ಮಾಡಿಕೊಳ್ಳುವುದನ್ನು ಕಂಡು ಹುಡುಗರು ದೂರು ಹೇಳಿದರು. ಕೊನೆಗೆ ಬರಿಗೈಯಲ್ಲಿ ಎಳೆದ ಮೊದಲ ಗೆರೆ ಹಾವಿನ ಮರಿಯಂತೆ ಹರಿಯಿತು. ಕೈ ನಡುಗುವುದು ವಯಸ್ಸಿಗಲ್ಲ, ಭಯಕ್ಕೆ ಎಂದು ತಾವೇ ಹೇಳಿಕೊಂಡರು.

ಎರಡನೆಯ ವರ್ಷದಲ್ಲಿ ಟೀಚರ್ ಒಂದು ಮನೆಗೆಲಸ ಕೊಟ್ಟರು. ಚಿಕ್ಕಂದಿನಲ್ಲಿ ನಿಮ್ಮ ಮನೆಯ ಬಾಗಿಲಲ್ಲಿ ನಿಂತರೆ ಏನು ಕಾಣುತ್ತಿತ್ತೋ ಅದನ್ನು ಬರೆದುಕೊಂಡು ಬನ್ನಿ. ನಾನು ಎದುರುಮನೆಯ ಎಮ್ಮೆ ಬರೆದೆ. ಅವರು ಬರೆದುಕೊಂಡು ಬಂದದ್ದು ಒಂದು ಗುಡ್ಡ.

ಅವರು ಹುಟ್ಟಿ ಬೆಳೆದದ್ದು ಚೋರನೂರಿನಲ್ಲಿ. ಮನೆಯ ಪಡುವಣಕ್ಕೆ ಹೊಲಗಳಾಚೆ ಆ ಗುಡ್ಡ ಕಾಣುತ್ತಿತ್ತಂತೆ. ಹಾಳೆಯ ಮೇಲೆ ಅದರ ನೆತ್ತಿಯಲ್ಲಿ ಒಂದು ತಗ್ಗು. ತಗ್ಗಿನಲ್ಲಿ ಮುಳುಗುತ್ತಿರುವ ಸೂರ್ಯ. ಸ್ಕೇಲ್ ಇಲ್ಲ, ಸಂಖ್ಯೆಗಳಿಲ್ಲ. ಒಂದೂವರೆ ವರ್ಷದಲ್ಲಿ ಅವರು ಬರೆದ ಮೊದಲ ಚಿತ್ರ ಎಂದು ಹೇಳಬೇಕಾದರೆ ಅದೇ. ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಅವರ ಮುಖ ಬಿಳಿಚಿಕೊಂಡಿತ್ತು.

“ಇದು ತಪ್ಪೈತಿ ಮೇಡಂ,” ಎಂದರು. “ಈ ಗುಡ್ಡದ ನೆತ್ತಿಗೆ ತಗ್ಗ ಇಲ್ಲ.”

ಆಗ ತಿಳಿದದ್ದೇನೆಂದರೆ, ಅವರು ಕೆಲಸ ಮಾಡಿದ್ದು ಅದೇ ಗುಡ್ಡದ ಮೇಲೆ. ಕಡಿಯುವ ಮೊದಲು ಮಾಡಿದ ಅಳತೆಗೆ ನಕ್ಷೆ ಬರೆದವರೂ ಅವರೇ, ನೌಕರಿಗೆ ಸೇರಿದ ಹೊಸತರಲ್ಲಿ. ಆ ಎತ್ತರಗಳು ಅವರಿಗೆ ಮಗ್ಗಿಯಂತೆ ಬಾಯಿಪಾಠ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಲ್ಲಿಯೇ ನಿಂತು ಹೇಳಿ ಮುಗಿಸಿದರು. ಏರುತ್ತದೆ, ಸಮನಾಗುತ್ತದೆ, ಇಳಿಯುತ್ತದೆ. ನಡುವೆ ಎಲ್ಲಿಯೂ ತಗ್ಗಿಲ್ಲ. ಈಗ ಹೋಗಿ ನೋಡೋಣವೆಂದರೆ ನೆತ್ತಿಯೇ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ.

ಅವರ ಸಂಕಟ ನನಗೆ ಅರ್ಥವಾದದ್ದು ಆಮೇಲೆ. ಸಂಖ್ಯೆ ನಿಜವಾದರೆ ಅವರ ಕಣ್ಣು ಕಂಡದ್ದು ಸುಳ್ಳು. ಮನೆಯ ಬಾಗಿಲಿಗೆ ಎದುರಾಗಿದ್ದ ಗುಡ್ಡವನ್ನು ಹುಡುಗನಾಗಿದ್ದಾಗ ಅವರು ಒಮ್ಮೆಯೂ ಸರಿಯಾಗಿ ನೋಡಿಲ್ಲ ಎಂದಾಗುತ್ತದೆ. “ಈ ತಗ್ಗ ಒಂದ ನಾ ನೋಡಿದ್ದು. ಉಳಿದಿದ್ದೆಲ್ಲಾ ಅಳದಿದ್ದು,” ಎಂದರು.

ಟೀಚರ್ ಬಹಳ ಹೊತ್ತು ಆ ಚಿತ್ರ ನೋಡಿದರು. ನಂತರ ಒಂದು ಸಣ್ಣ ಪ್ರಶ್ನೆ ಕೇಳಿದರು. ಈ ಗುಡ್ಡದ ಹಿಂದೆ ಏನಿತ್ತು?

ಅವರು ಹಾಳೆಯ ಅಂಚನ್ನು ಬೆರಳಿಂದ ಮುಟ್ಟಿದರು. “ನಮ್ಮ ಹಾಳಿ ಅಲ್ಲಿಗೆ ಮುಗಿತೈತ್ರಿ.”

ಅಂದರೆ ಕಂಪನಿಗೆ ಸೇರಿದ್ದು ಮುಂದಿನ ಗುಡ್ಡ ಮಾತ್ರ. ಅದರ ಗಡಿಯಾಚೆ ಅವರ ನಕ್ಷೆಯಲ್ಲಿ ಬರೀ ಬಿಳಿ ಕಾಗದ. ಮೂವತ್ತು ವರ್ಷ ಬಿಳಿ ಕಾಗದ ನೋಡಿ ನೋಡಿ, ಅಲ್ಲಿ ಇನ್ನೊಂದು ಗುಡ್ಡ ಇದ್ದೀತೆಂಬುದೇ ಅವರಿಗೆ ಮರೆತುಹೋಗಿತ್ತು. ಟೀಚರ್ ಮೇಜಿನ ಮೇಲೆ ತಮ್ಮ ಊಟದ ಡಬ್ಬಿ ಇಟ್ಟರು. ಅದರ ಹಿಂದೆ, ಒಂದಿಷ್ಟು ಪಕ್ಕಕ್ಕೆ, ಮಾಮನ ಆಫೀಸು ಬ್ಯಾಗು ಇಟ್ಟರು. ಡಬ್ಬಿಯ ಮುಚ್ಚಳ ಇಳಿಯುವ ಕಡೆಯೇ ಬ್ಯಾಗಿನ ಹೆಗಲು ಏರುತ್ತಿತ್ತು. ದೂರದಿಂದ ಎರಡೂ ಸೇರಿ ಒಂದೇ ಆಕಾರ, ನಡುವೆ ತಗ್ಗು.

ಅವರು ಸ್ಟೂಲು ಎಳೆದುಕೊಂಡು ಎಡಕ್ಕೆ ಹೋದರು. ತಗ್ಗು ಮುಚ್ಚಿತು. ಬಲಕ್ಕೆ ಬಂದರು. ತೆರೆಯಿತು. ಮತ್ತೆ ಎಡಕ್ಕೆ. ನಂತರ ಸ್ಟೂಲು ಬಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ನೆಲಕ್ಕೆ ಮೊಣಕಾಲೂರಿ, ಡಬ್ಬಿಯ ಕಡೆ ನೋಡುತ್ತ ಅಂದರು:

“ಆಗ ನಾ ಇಷ್ಟ ಎತ್ತರ ಇದ್ನಿ.”

ಹುಡುಗರು ಯಾರೂ ನಗಲಿಲ್ಲ. ಈ ದೃಶ್ಯವನ್ನು ನಾನು ಎಲ್ಲರಿಗೂ ಹೇಳುವಾಗ ನಗಿಸಲು ನೋಡುತ್ತೇನೆ, ಆಗುವುದಿಲ್ಲ. ದಿನಚರಿಯಲ್ಲಿ ಆ ದಿನ ಒಂದೇ ಸಾಲು ಇದೆ: ಮಾಮ ಮೊಣಕಾಲೂರಿದರು.

ಆಮೇಲಿನ ತಿಂಗಳುಗಳಲ್ಲಿ ಅವರು ಆ ಗುಡ್ಡವನ್ನು ಬಿಟ್ಟು ಬೇರೇನೂ ಬರೆಯಲಿಲ್ಲ. ಕೆಳಮೂಲೆಯ ಚೌಕ ಹಾಗೆಯೇ ಇತ್ತು, ಆದರೆ ಅದರೊಳಗೆ ಸಹಿಗಳ ಸಾಲು ಹೋಗಿ, ಗುಡ್ಡ ಎಲ್ಲಿಂದ ಕಂಡದ್ದೆಂದು, “ಅಂಗಳದಿಂದ, ಕುಂತು”, “ಬಾವಿಕಟ್ಟೆಯಿಂದ, ನಿಂತು” ಎಂದಷ್ಟೇ ಬರೆಯತೊಡಗಿದರು. ಗೆರೆ ಇನ್ನೂ ನಡುಗುತ್ತಿತ್ತು. ಆ ನಡುಕ ಗುಡ್ಡಕ್ಕೆ ಒಪ್ಪುತ್ತಿತ್ತು. ಒಂದು ದಿನ ಅವರಿಗೆ ಸ್ಕೇಲ್ ವಾಪಸ್ಸು ಕೊಡಲು ಹೋದೆ. ಬ್ಲೌಸು ಹೊಲಿಯುವಾಗ ಬೇಕಾಗುತ್ತದೆ, ಇಟ್ಟುಕೋ ಎಂದರು. ನನಗೆ ಹೊಲಿಗೆ ಬರುತ್ತದೆಂದು ಅವರಿಗೆ ಯಾರು ಹೇಳಿದರೋ.

ಆದರೂ ಹಳೆಯ ಚಾಳಿ ಬಿಡುವಂಥದ್ದೇ? ಟೀಚರ್ ಹೇಳಿದ್ದು, ಹಿಂದೆ ಇನ್ನೊಂದು ಗುಡ್ಡ ಇರಬಹುದು ಎಂಬ ಮಾತು. ಇತ್ತು ಎಂಬ ಮಾತಲ್ಲ. ಆ ಕಡೆಯನ್ನೂ ಬೇರೆ ಕಂಪನಿಗಳು ಕಡಿದಾಗಿತ್ತು. ಆ ಜಾಗದಲ್ಲಿ ನಿಂತು ನೋಡಿದ ಇನ್ನೊಂದು ಕಣ್ಣು ಅವರಿಗೆ ಬೇಕಾಗಿತ್ತು. ಫೋಟೋ ಹುಡುಕಿದರು. ಚೋರನೂರಿನ ಹಳೆಯ ಮದುವೆ ಫೋಟೋಗಳನ್ನೆಲ್ಲ ಮನೆಮನೆಗೆ ಹೋಗಿ ನೋಡಿ ಬಂದು ನನ್ನ ಮುಂದೆ ಗೋಳು ಹೇಳಿಕೊಂಡರು. ಬಾಗಿಲ ಮುಂದೆಯೇ ಗುಡ್ಡ ಇಟ್ಟುಕೊಂಡು, ಆ ಮಂದಿ ಫೋಟೋದವನು ತಂದ ಪರದೆ ಕಟ್ಟಿಸಿ, ಅದರೊಳಗಿನ ಸರೋವರ, ಹಂಸಗಳ ಮುಂದೆ ನಿಂತಿದ್ದಾರಂತೆ. ಗುಡ್ಡ ಪರದೆಯ ಹಿಂದೆ. ಊರಿನ ಹಿರಿಯರನ್ನು ಕೇಳಿದರೆ, ಮಾಮ ಹಾಳೆ ಬಿಚ್ಚುವುದಕ್ಕೂ ಮೊದಲೇ ಹೌದ್ರೀ ಸರ, ಹಂಗ ಇತ್ರೀ ಎಂದುಬಿಡುತ್ತಿದ್ದರು. ನೋಡದೆ ಸಹಿ ಹಾಕುವವರನ್ನು ಆಫೀಸಿನಲ್ಲಿಯೇ ಸಾಕಷ್ಟು ಕಂಡಿದ್ದರು ಅವರು.

ಆಗ ನಾನೇ ಬಾಯಿ ಹಾಕಿದೆ. ನನ್ನ ತಾಯಿಯ ಅಕ್ಕನನ್ನು ಕೊಟ್ಟದ್ದು ಚೋರನೂರಿಗೆ. ಎಪ್ಪತ್ತೈದು ದಾಟಿದ ಈ ದೊಡ್ಡವ್ವ ಯಾರ ಮಾತಿಗೂ ಹೌದು ಎಂದವಳಲ್ಲ. ಸೀರೆ ತೋರಿಸಿದರೆ ಬಣ್ಣ ಹೋಗುತ್ತದೆ ಎನ್ನುತ್ತಾಳೆ, ವರನ ಫೋಟೋ ತೋರಿಸಿದರೆ ಕಿವಿ ದೊಡ್ಡದು ಎನ್ನುತ್ತಾಳೆ. ಇದನ್ನು ನಗುತ್ತಾ ಹೇಳಿದೆ. ಅವರ ಕಣ್ಣು ಹೊಳೆಯಿತು. “ಅಂಥವ್ರ ಬೇಕು ತಂಗೀ,” ಎಂದು, ಇದ್ದುದರಲ್ಲಿ ಒಳ್ಳೆಯ ಚಿತ್ರವನ್ನು ಸುರುಳಿ ಸುತ್ತಿ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು.

ಅದು ನನ್ನ ಅಲಮಾರಿನ ಮೇಲೆ ನಾಲ್ಕು ತಿಂಗಳು ಇತ್ತು.

ಪರೀಕ್ಷೆ ಇತ್ತು, ಉತ್ತರಪತ್ರಿಕೆಗಳಿದ್ದವು ಎಂದು ಬರೆದರೆ ಸುಳ್ಳಾಗುವುದಿಲ್ಲ. ಆದರೆ ಕಾರಣ ಅದಲ್ಲ. ದೊಡ್ಡವ್ವ ಇಲ್ಲ ಎಂದುಬಿಟ್ಟರೆ? ಆ ಮಾತನ್ನು ಅವರಿಗೆ ಮುಟ್ಟಿಸಬೇಕಾದವಳು ನಾನು. ತರಗತಿ ಮುಗಿದ ಮೇಲೂ ಅವರು ಆಗಾಗ ಫೋನ್ ಮಾಡುತ್ತಿದ್ದರು. ಚಿತ್ರದ ವಿಷಯ ಎತ್ತುತ್ತಿರಲಿಲ್ಲ. ಮಳೆ ಹೇಗಿದೆ, ಕಾಲೇಜು ಹೇಗಿದೆ ಎಂದೆಲ್ಲ ಕೇಳಿ ಕೊನೆಗೆ, ಏನೋ ನೆನಪಾದವರಂತೆ, “ಮತ್ತ ನಿಮ್ಮ ದೊಡ್ಡವ್ವ ಆರಾಮದಾರ?” ಎನ್ನುತ್ತಿದ್ದರು. ಆರಾಮಾಗಿದ್ದಾಳೆ ಎನ್ನುತ್ತಿದ್ದೆ. ಹೋದ ತಿಂಗಳು ಅವರ ಮಗ ಅವರದೇ ನಂಬರಿನಿಂದ ನಮಗೆಲ್ಲ ಸುದ್ದಿ ಕಳಿಸಿದ. ಬೆಳಿಗ್ಗೆ ಚಹಾ ಕುಡಿದು ಕುಳಿತವರು ಹಾಗೆಯೇ ಹೋಗಿದ್ದರು.

ನಾನೂ ಟೀಚರೂ ಸಂಡೂರಿಗೆ ಹೋದೆವು. ಅವರ ಹೆಂಡತಿ ನಮ್ಮನ್ನು ಕೂರಿಸಿ, ಅಳುವಿನ ನಡುವೆಯೂ ಒಂದು ಮಾತು ಹೇಳಿ ನಗಿಸಿದರು. ಈಚೆಗೆ ಅವರು ಎಲ್ಲೆಂದರಲ್ಲಿ ಮೊಣಕಾಲೂರಿ ಕುಳಿತು ಗುಡ್ಡಗಳನ್ನು ನೋಡುತ್ತಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಕುಳಿತಾಗ ಮಂದಿ ಸೇರಿ, ಏನು ಕಳಕೊಂಡಿರಿ ಯಜಮಾನ್ರ ಎಂದು ನೆಲ ಹುಡುಕಲು ಶುರುಮಾಡಿದ್ದರಂತೆ. ಆಮೇಲೆ ಆಕೆ ನನ್ನ ಕಡೆ ತಿರುಗಿ, ನಿಮ್ಮ ಹತ್ತಿರ ಒಂದು ಚಿತ್ರ ಇದೆಯಂತಲ್ಲ, ದೊಡ್ಡವ್ವ ಏನಂದರು ಎಂದು ಕೇಳಿದರು. ನೋಡುತ್ತಿದ್ದಾಳೆ ಎಂದೆ. ಅಷ್ಟು ಸಲೀಸಾಗಿ ಹೇಗೆ ಬಂತು ಆ ಸುಳ್ಳು.

ಮರುದಿನವೇ ಚೋರನೂರಿಗೆ ಹೊರಟೆ. ದೊಡ್ಡವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಹಾಳೆಯನ್ನು ಅವಳ ಮುಂದೆ ಬಿಚ್ಚಿ, ಸುರುಳಿಯಾಗದಂತೆ ನಾಲ್ಕು ಮೂಲೆಗೂ ಶೇಂಗಾ ಹಿಡಿ ಹಿಡಿ ಇಟ್ಟೆ. ಯಾರು ಬರೆದದ್ದು, ಯಾವ ಮನೆಯವರು ಎಂದು ವಿಚಾರಿಸಿಕೊಂಡಳು. ಆ ಮನೆಯವರನ್ನು ಬಲ್ಲಳು, ಹುಡುಗನ ನೆನಪಿಲ್ಲ. ಅವರು ತೀರಿಕೊಂಡದ್ದನ್ನು ಹೇಳಿದೆ. ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ನಾನು ತಗ್ಗಿನ ಮೇಲೆ ಬೆರಳಿಟ್ಟು, ಸೂರ್ಯ ಇಲ್ಲೇ ಮುಳುಗುತ್ತಿದ್ದನೇ ಎಂದು ಕೇಳಿದೆ.

“ಯಾವ ತಿಂಗಳಾಗ?” ಎಂದಳು.

ನಾನು ಪೆಚ್ಚಾದೆ. ಎತ್ತರಗಳನ್ನು ಬಾಯಿಪಾಠ ಹೇಳಿದ ಅವರಿಗಾಗಲಿ, ಎಂ.ಎ. ಮಾಡಿದ ನನಗಾಗಲಿ, ಸೂರ್ಯ ತಿಂಗಳಿಗೊಂದು ಕಡೆ ಮುಳುಗುತ್ತಾನೆಂಬುದು ಹೊಳೆದಿರಲಿಲ್ಲ. ಸೂರ್ಯ ಹೋಗಲಿ, ಸಂಜೆ ಹೊತ್ತಿಗೆ ಅಂಗಳದಿಂದ ನೋಡಿದರೆ ಗುಡ್ಡ ಹೀಗೆ ಕಾಣುತ್ತಿತ್ತೇ, ಅಷ್ಟು ಹೇಳು ಎಂದೆ. ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸಂಜಿಮುಂದ ನಾವು ಗುಡ್ಡ ನೋಡ್ಕೋತ ಕುಂದರ್ತಿದ್ವಿ ಅಂತ ಯಾರ್ ಹೇಳಿದ್ರವ್ವ ನಿನಗ? ಆ ಹೊತ್ನಾಗ ಒಲಿ ಮುಂದ ಇರ್ತಿದ್ವಿ. ಹೊಗಿ ಕಾಣತಿತ್ತು.”

ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಅಲ್ಲಿಗೆ ಮುಗಿಯಿತೆಂದು ನಾನು ಹಾಳೆ ಸುತ್ತಲು ಹೋದೆ. ಇರಲಿ ಬಿಡು ಎಂದು ನನ್ನ ಕೈ ಸರಿಸಿದಳು. ಕಣ್ಣು ಹಾಳೆಯ ಮೇಲೆಯೇ ಇತ್ತು. ಬೆರಳಿಂದ ಗುಡ್ಡದ ಎಡಗಡೆಯ ಇಳಿಜಾರನ್ನು ಮುಟ್ಟಿ, ಕೆಳಗೆ ಹೊಲದವರೆಗೆ ಮೆಲ್ಲಗೆ ತಂದಳು. ಅಲ್ಲಿ ಅವರು ಏನನ್ನೂ ಬರೆದಿರಲಿಲ್ಲ. ಅವಳ ಬೆರಳು ಮಾತ್ರ ಅಲ್ಲೊಂದು ದಾರಿ ಇರುವ ಹಾಗೆ ತಿರುಗಿ ತಿರುಗಿ ಹೋಯಿತು. ಅದನ್ನು ಕಂಡು ನಾನು ಕೇಳಿದೆ. ಆಮೇಲೆ ಎರಡು ಸಲ ಫೋನಿನಲ್ಲಿಯೂ ಕೇಳಿದ್ದೇನೆ. ಎರಡು ಸಲವೂ ಶೇಂಗಾ ಈ ವರ್ಷ ಕಾಳು ಕಟ್ಟಿಲ್ಲವೆಂಬ ಮಾತು ಬಂತು. ಚಿತ್ರವನ್ನು ಮಾತ್ರ ವಾಪಸ್ಸು ಕಳಿಸಿಲ್ಲ. ಅಂದು ನಾನು ಕೇಳಿದ್ದು ಇಷ್ಟೇ:

“ದೊಡ್ಡವ್ವ, ಹಂಗಾರ ನೀ ಆ ಗುಡ್ಡ ನೋಡಿದ್ದು ಯಾವಾಗ?”